ಅಳತೆ ಯಾರ ಕೈಯಲ್ಲಿದೆ?

ಕೇಳುಗರೇ, ನಮಸ್ಕಾರ.

ಸಮಾಜವಾದದ ಕಾಲ ಮುಗಿಯಿತು ಅಂತ ಹೇಳುವವರು ನಮ್ಮ ಸುತ್ತ ಬೇಕಾದಷ್ಟು ಜನ ಇದ್ದಾರೆ. ಅವರ ಹತ್ತಿರ ಕಾರಣಗಳೂ ಇವೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದುಹೋಯಿತು. 2011ರಲ್ಲಿ ಪಶ್ಚಿಮ ಬಂಗಾಳದಲ್ಲಿ 34 ವರ್ಷದ ಎಡರಂಗದ ಆಡಳಿತ ಕೊನೆಯಾಯಿತು. ಇದೆಲ್ಲ ನಿಜ. ಆದರೆ ಸೀಟು ಎಣಿಸಿ ಒಂದು ಚಳವಳಿಯ ಆಯುಷ್ಯ ಹೇಳಲು ಬರುವುದಿಲ್ಲ. ಚಳವಳಿ ಹುಟ್ಟುವುದು ಜನ ದುಡಿಯುವ ಜಾಗದಲ್ಲಿ. ಅಲ್ಲಿ ಏಳುವ ಜಗಳಗಳನ್ನು ಕೆದಕಿ ನೋಡಿ, ಬಹಳಷ್ಟು ಸಲ ತಳದಲ್ಲಿ ಒಂದೇ ಪ್ರಶ್ನೆ ಇರುತ್ತದೆ: ನಾನು ಮಾಡಿದ ಕೆಲಸವನ್ನು ಅಳೆಯುವವರು ಯಾರು, ಯಾವ ಅಳತೆಯಲ್ಲಿ?

ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕು, ಕಾಗೋಡು. 1951. ಅಲ್ಲಿ ಒಡೆಯರ ಜಮೀನನ್ನು ಗೇಣಿಗೆ ಉಳುತ್ತಿದ್ದವರು ಹೆಚ್ಚಾಗಿ ದೀವರ ಸಮುದಾಯದವರು. ಸುಗ್ಗಿ ಮುಗಿದ ಮೇಲೆ ಕಣದಲ್ಲಿ ಭತ್ತ ಅಳೆದು ಒಡೆಯರಿಗೆ ಗೇಣಿ ಕೊಡಬೇಕು. ಅಳೆಯುವುದು ಕೊಳಗದಲ್ಲಿ. ಆ ಕೊಳಗ ಒಡೆಯರದು, ಸಾಮಾನ್ಯ ಕೊಳಗಕ್ಕಿಂತ ಜಾಸ್ತಿ ಸೇರು ಹಿಡಿಯುವಂಥದು. ಲೆಕ್ಕದಲ್ಲಿ ಇಷ್ಟು ಕೊಳಗ ಅಂತ ಇರುತ್ತದೆ, ಮಾತು ತಪ್ಪಿದವರು ಯಾರೂ ಇಲ್ಲ, ಆದರೂ ಪ್ರತಿ ಸಲ ಕೊಳಗ ತುಂಬಿ ಸುರಿದಾಗ ಗೇಣಿದಾರನ ಮನೆಯ ಊಟ ಒಂದಿಷ್ಟು ಆ ಕಡೆಗೆ ಹೋಗುತ್ತದೆ. ಸರಿಯಾದ ಕೊಳಗದಲ್ಲಿ ಅಳೆಯಿರಿ ಅಂತ ಕೇಳಿದ್ದೇ ತಪ್ಪಾಯಿತು. ಒಡೆಯರು ಒಪ್ಪಲಿಲ್ಲ, ಜಮೀನು ಬಿಡಿಸಲು ಹೊರಟರು. ಎಚ್. ಗಣಪತಿಯಪ್ಪ ಗೇಣಿದಾರರನ್ನು ಒಟ್ಟುಗೂಡಿಸಿದ್ದರು. ಏಪ್ರಿಲ್‌ನಲ್ಲಿ ರೈತರು ನೇಗಿಲು ಹೊತ್ತು ಗದ್ದೆಗೆ ಇಳಿದರು, ಗುಂಪು ಗುಂಪಾಗಿ ಜೈಲಿಗೆ ಹೋದರು. ಸಮಾಜವಾದಿ ಪಕ್ಷ ಜೊತೆಗೆ ನಿಂತಿತು. ಜೂನ್‌ನಲ್ಲಿ ಆ ಪಕ್ಷದ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಬಂಧಿಸಿದರು.

ಆ ವರ್ಷ ರೈತರು ಗೆದ್ದರಾ? ಇಲ್ಲ. ಆದರೆ ಮರುವರ್ಷ, 1952ರ ಚುನಾವಣೆಯಲ್ಲಿ ಸಾಗರ–ಹೊಸನಗರದಿಂದ ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು ಶಾಸಕರಾದರು. 1974ರಲ್ಲಿ, ದೇವರಾಜ ಅರಸರ ಕಾಲದಲ್ಲಿ, ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಡಿಕ್ಲರೇಷನ್, ಅಂದರೆ ಈ ಜಮೀನು ಉಳುವವರು ನಾವು ಅನ್ನುವ ಅರ್ಜಿ, ಕೊಟ್ಟು ಉಳುವ ಭೂಮಿಯನ್ನು ಸ್ವಂತ ಮಾಡಿಕೊಂಡ ಕುಟುಂಬಗಳು ಮಲೆನಾಡಿನಲ್ಲಿ, ಕರಾವಳಿಯಲ್ಲಿ ಊರೂರಲ್ಲಿವೆ. ಕೊಳಗದ ತಕರಾರಿನಿಂದ ಜಮೀನಿನ ಹಕ್ಕುಪತ್ರದವರೆಗೆ 23 ವರ್ಷ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನಾನು ಚಳವಳಿಗಳ ಸೋಲು ಗೆಲುವಿನ ಬಗ್ಗೆ ಮಾತಾಡುವುದು.

ಈಗ ಮಾರ್ಕ್ಸ್ ಹತ್ತಿರ ಬರೋಣ. ಕಣದಲ್ಲಿ ಒಡೆಯನ ರಾಶಿ ಬೇರೆ, ಗೇಣಿದಾರನ ರಾಶಿ ಬೇರೆ. ಯಾರಿಗೆ ಎಷ್ಟು ಹೋಯಿತು ಅಂತ ಮಗುವಿಗೂ ಕಾಣುತ್ತದೆ. ಕಾರ್ಖಾನೆಯಲ್ಲಿ ಹಾಗೆ ಕಾಣುವುದಿಲ್ಲ. ಒಬ್ಬ ಹೆಣ್ಣುಮಗಳು ದಿನಕ್ಕೆ ಎಂಟು ಗಂಟೆ ಬಟ್ಟೆ ಹೊಲಿಯುತ್ತಾಳೆ ಅಂತ ಇಟ್ಟುಕೊಳ್ಳಿ. ಅವಳ ಆ ದಿನದ ಸಂಬಳದಷ್ಟು ಮೌಲ್ಯ ಮೊದಲ ಮೂರೋ ನಾಲ್ಕೋ ಗಂಟೆಯಲ್ಲೇ ಹುಟ್ಟಿಬಿಟ್ಟಿರುತ್ತದೆ. ಉಳಿದ ಗಂಟೆಗಳ ದುಡಿಮೆ ಮಾಲೀಕನ ಪಾಲು. ಆದರೆ ಇಡೀ ದಿನಕ್ಕೆ ಸಂಬಳ ಕೊಟ್ಟ ಹಾಗೆ ಕಾಣುವುದರಿಂದ ಎರಡು ರಾಶಿಗಳು ಒಂದರೊಳಗೆ ಒಂದು ಕಲೆತುಹೋಗಿರುತ್ತವೆ. ಅವನ್ನು ಬೇರೆ ಬೇರೆ ಮಾಡಿ ತೋರಿಸಿದ್ದು ಮಾರ್ಕ್ಸ್ ಮಾಡಿದ ದೊಡ್ಡ ಕೆಲಸ. ಹೆಚ್ಚುವರಿ ಮೌಲ್ಯ ಅನ್ನುತ್ತಾರಲ್ಲ, ಅದರ ತಿರುಳು ಇಷ್ಟೇ.

1867ರಲ್ಲಿ ಬಂದ ‘ಬಂಡವಾಳ’ದ ಮೊದಲ ಸಂಪುಟದಲ್ಲಿ ಪೀಸಿನ ಲೆಕ್ಕದ ಕೂಲಿಯ ಬಗ್ಗೆ ಒಂದು ಚಿಕ್ಕ ಅಧ್ಯಾಯ ಇದೆ. ಬಹಳ ಜನ ಅದನ್ನು ದಾಟಿ ಮುಂದೆ ಹೋಗುತ್ತಾರೆ. ನನಗೆ ಅದು ಇವತ್ತಿನ ಬೆಂಗಳೂರಿಗೆ ಬರೆದ ಹಾಗೆ ಕಾಣುತ್ತದೆ. ಪೀಸಿಗೆ ಇಷ್ಟು ಅಂತ ಕೊಟ್ಟರೆ ಮೇಲ್ವಿಚಾರಣೆಯ ಖರ್ಚು ಕಡಿಮೆ, ಯಾಕೆಂದರೆ ಕೆಲಸಗಾರ ತನ್ನನ್ನು ತಾನೇ ಓಡಿಸಿಕೊಳ್ಳುತ್ತಾನೆ. ಜಾಸ್ತಿ ಹೊತ್ತು ದುಡಿಯುವುದು ಅವನ ಸ್ವಂತ ಆಸೆಯ ಹಾಗೆ ಕಾಣುತ್ತದೆ. ಪಕ್ಕದವನು ಸ್ಪರ್ಧಿ ಆಗುತ್ತಾನೆ. ಎಲ್ಲರೂ ವೇಗ ಹೆಚ್ಚಿಸಿದ ಮೇಲೆ ಪೀಸಿನ ರೇಟು ಇಳಿಯುತ್ತದೆ. ಮಾರ್ಕ್ಸ್ ಅಲ್ಲಿ ಹೇಳುವುದು ಇದನ್ನೇ.

ನಿಮ್ಮ ಮನೆಗೆ ಊಟ ತಂದುಕೊಡುವ ಹುಡುಗನ ಫೋನನ್ನು ಒಮ್ಮೆ ಕೇಳಿ ತೆಗೆದುಕೊಂಡು ನೋಡಿ. ಒಂದು ಆರ್ಡರಿಗೆ ಇಷ್ಟು, ದೂರಕ್ಕೆ ಇಷ್ಟು, ಮಳೆಗೆ ಇಷ್ಟು ಅಂತ ತುಂಡು ತುಂಡು ಮೊತ್ತ. ಅದರ ಮೇಲೆ ಇನ್ಸೆಂಟಿವ್, ಅದಕ್ಕೊಂದು ಟಾರ್ಗೆಟ್. ಟಾರ್ಗೆಟ್ಟಿಗೆ ಒಂದೇ ಆರ್ಡರ್ ಬಾಕಿ ಇರುವಾಗ ರಾತ್ರಿ ಹೊತ್ತು ಹೋಟೆಲಿನ ಎದುರು ಬೈಕಿನ ಮೇಲೆ ಕೂತು ಆ ಒಂದು ಆರ್ಡರಿಗೆ ಕಾಯುತ್ತಾನಲ್ಲ, ಆ ಕಾಯುವ ಹೊತ್ತಿಗೆ ಬೆಲೆ ಇಲ್ಲ. ಪೆಟ್ರೋಲ್ ಅವನದು, ಬೈಕಿನ ಕಂತು ಅವನದು, ಬಿದ್ದು ಕಾಲು ಮುರಿದರೆ ಮನೆಯಲ್ಲಿ ಕೂರುವ ದಿನಗಳೂ ಅವನವೇ. ರೇಟ್ ಕಾರ್ಡ್ ಯಾವಾಗ ಬದಲಾಯಿತು, ಯಾಕೆ ಬದಲಾಯಿತು ಅಂತ ಕೇಳೋಣ ಅಂದರೆ ಎದುರಿಗೆ ಮನುಷ್ಯರೇ ಇಲ್ಲ. ಜಾಸ್ತಿ ಮಾತಾಡಿದರೆ ಐಡಿ ಬ್ಲಾಕ್. ಕಾಗೋಡಿನ ರೈತ ಕನಿಷ್ಠ ಆ ಕೊಳಗವನ್ನು ಕೈಯಲ್ಲಿ ಹಿಡಿದು ನೋಡಬಹುದಿತ್ತು.

ಇಂಥ ಕಡೆ ಸಂಘಟನೆ ಕಟ್ಟುವುದು ಹೇಗೆ? ಹಳೆಯ ದಾರಿ ಎಲ್ಲ ಕಡೆ ನಡೆಯುವುದಿಲ್ಲ ಅಂತ ಒಪ್ಪಲೇಬೇಕು. 1980ರ ಕೊನೆಯಿಂದ 1981ರ ಮಾರ್ಚ್‌ವರೆಗೆ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ ಎಲ್ಲ ಸೇರಿ 77 ದಿನ ಮುಷ್ಕರ ಮಾಡಿದರು. ಅವರಿಗೊಂದು ಗೇಟು ಇತ್ತು. ಗೇಟ್ ಮೀಟಿಂಗ್ ಅಂದರೆ ಸಾವಿರಾರು ಜನ ಒಂದೇ ಹೊತ್ತಿಗೆ ಸೇರುತ್ತಿದ್ದರು. ಕಾಯಂ ಕೆಲಸ ಇತ್ತು. ಡೆಲಿವರಿ ಹುಡುಗನಿಗೆ ಗೇಟೂ ಇಲ್ಲ, ಕಾಯಮ್ಮೂ ಇಲ್ಲ.

ಹಾಗಂತ ಆಗುವುದೇ ಇಲ್ಲವಾ? 2016ರ ಏಪ್ರಿಲ್ ನೆನಪಿಸಿಕೊಳ್ಳಿ. ಪಿಎಫ್‌ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿಎಫ್ ಅಂದರೆ ವಯಸ್ಸಾದ ಮೇಲಿನ ಮಾತಲ್ಲ. ಸಾಲ ತೀರಿಸಲು, ಮಕ್ಕಳ ಫೀಸ್ ಕಟ್ಟಲು, ಮದುವೆ ಮಾಡಲು ಕೆಲಸವನ್ನೇ ಬಿಟ್ಟು ಆ ದುಡ್ಡು ತೆಗೆಯುವವರು ಅವರು. 58ರವರೆಗೆ ಆ ಮಷಿನಿನ ಮುಂದೆ ಕೂರುವ ಶಕ್ತಿ ಯಾರಿಗಿದೆ ಹೇಳಿ! ಏಪ್ರಿಲ್ 18ಕ್ಕೆ ಹೊಸೂರು ರಸ್ತೆಗೆ ಇಳಿದರು. ಮಾರನೇ ದಿನ ಪೀಣ್ಯ, ಜಾಲಹಳ್ಳಿ ಕಡೆಯೂ ರಸ್ತೆ ತುಂಬಿತು. ಕರೆ ಕೊಟ್ಟ ನಾಯಕರು ಇರಲಿಲ್ಲ. ಲಾಠಿ ಏಟು ಬಿತ್ತು, ಕಲ್ಲು ತೂರಾಟ ಆಯಿತು, ಬಸ್ಸುಗಳಿಗೆ ಬೆಂಕಿ ಬಿತ್ತು. 19ರ ಸಂಜೆಯ ಹೊತ್ತಿಗೆ ಕೇಂದ್ರ ಸರ್ಕಾರ ಆ ನಿಯಮವನ್ನು ವಾಪಸ್ ತೆಗೆದುಕೊಂಡಿತು. ಎರಡು ದಿನ! ಇಡೀ ದೇಶದ ಕಾರ್ಮಿಕರ ಪಿಎಫ್ ಉಳಿಸಿದ್ದು ಈ ಹೆಣ್ಣುಮಕ್ಕಳು. ನಾವು ಅವರಿಗೆ ಸರಿಯಾಗಿ ಧನ್ಯವಾದ ಕೂಡ ಹೇಳಿಲ್ಲ.

ಆದರೆ ಮೂರನೇ ದಿನ ಎಲ್ಲರೂ ಅದೇ ಫ್ಯಾಕ್ಟರಿಗೆ, ಅದೇ ಸೂಪರ್‌ವೈಸರ್ ಬೈಗುಳಕ್ಕೆ, ಗಂಟೆಗೆ ಇಷ್ಟು ಪೀಸ್ ಅನ್ನುವ ಅದೇ ಪ್ರೊಡಕ್ಷನ್ ಲೆಕ್ಕಕ್ಕೆ ಹಿಂತಿರುಗಿದರು. ಸಿಟ್ಟು ತಾನಾಗಿ ಹುಟ್ಟುತ್ತದೆ, ಸಂಘಟನೆ ಹಾಗೆ ಹುಟ್ಟುವುದಿಲ್ಲ. ಆ ಎರಡು ದಿನದ ಬಲವನ್ನು ಹತ್ತು ವರ್ಷ ಹಿಡಿದಿಡುವ ಕೆಲಸ ಬಾಕಿ ಉಳಿದಿದೆ, ಮತ್ತು ಅದನ್ನು ಮಾಡಬೇಕಾದವರು ನಾವೇ.

ಜಾತಿಯ ವಿಷಯವನ್ನು ಬದಿಗಿಟ್ಟು ಈ ಮಾತು ಮುಗಿಸಲು ಆಗುವುದಿಲ್ಲ. ಜಾತಿ ಅಂದರೆ ಕೆಲಸದ ವಿಭಜನೆ ಅಷ್ಟೇ ಅಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಮಾಡಿ ವಿಭಜಿಸುವುದು ಅಂತ ಅಂಬೇಡ್ಕರ್ 1936ರಲ್ಲೇ ಹೇಳಿದ್ದರು. ನಮ್ಮ ಎಡ ಚಳವಳಿ ಇದನ್ನು ಬಹಳ ಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ. ವರ್ಗ ಹೋರಾಟ ಗೆದ್ದರೆ ಜಾತಿ ತಾನಾಗಿ ಹೋಗುತ್ತದೆ ಅಂತ ನಂಬಿತು, ಆ ನಂಬಿಕೆಗೆ ದೊಡ್ಡ ಬೆಲೆ ತೆತ್ತಿತು. ಪೌರಕಾರ್ಮಿಕರನ್ನು ನೋಡಿ. ಅವರಲ್ಲಿ ಬಹುಪಾಲು ದಲಿತರು, ಅದರಲ್ಲೂ ಹೆಂಗಸರು ಜಾಸ್ತಿ. ಗುತ್ತಿಗೆ ಪದ್ಧತಿ ಬೇಡ, ಕಾಯಂ ಮಾಡಿ ಅಂತ ವರ್ಷಗಟ್ಟಲೆ ಹೋರಾಡಿದರು. 2022ರಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. 2025ರ ಮೇ ದಿನದಂದು ಬೆಂಗಳೂರಿನಲ್ಲಿ ಸಾವಿರಾರು ಜನರ ಕೈಗೆ ಕಾಯಂ ನೇಮಕಾತಿ ಪತ್ರ ಬಂತು. ಸಂಬಳಕ್ಕೂ ಮರ್ಯಾದೆಗೂ ಒಟ್ಟೊಟ್ಟಿಗೆ ನಡೆದ ಹೋರಾಟ ಅದು. ಹೊಸ ಸಮಾಜವಾದಿ ಚಳವಳಿಗೆ ಮೇಷ್ಟ್ರು ಬೇಕಾದರೆ ಇವರ ಹತ್ತಿರ ಹೋಗಬೇಕು.

ಐಟಿಯವರು ನಮಗೂ ಇದಕ್ಕೂ ಏನು ಸಂಬಂಧ ಅಂತ ಸುಮ್ನೆ ಇರುವ ಹಾಗಿಲ್ಲ. 2024ರಲ್ಲಿ ದಿನಕ್ಕೆ 14 ಗಂಟೆ ದುಡಿಸಲು ಅವಕಾಶ ಕೊಡುವ ಪ್ರಸ್ತಾಪ ಬಂದಿದ್ದು ಅವರಿಗಾಗಿಯೇ, ಅಲ್ವಾ? ಅದರ ವಿರುದ್ಧ ದನಿ ಎತ್ತಿದ್ದು ಐಟಿ ನೌಕರರದೇ ಯೂನಿಯನ್.

ಇನ್ನು 2025ರಲ್ಲಿ ನಮ್ಮ ರಾಜ್ಯ ಗಿಗ್ ಕಾರ್ಮಿಕರಿಗೆ, ಅಂದರೆ ಆ್ಯಪ್ ಮೂಲಕ ಬಿಡಿ ಬಿಡಿ ಕೆಲಸ ಮಾಡುವವರಿಗೆ, ಒಂದು ಕಾಯ್ದೆ ಮಾಡಿದೆ. ಪ್ರತಿ ಕೆಲಸಕ್ಕೆ ಕೊಡುವ ಹಣದ ಮೇಲೆ ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. 14 ದಿನ ಮೊದಲು ತಿಳಿಸದೆ ಸುಮ್ಮನೆ ಕೆಲಸದಿಂದ ತೆಗೆಯುವ ಹಾಗಿಲ್ಲ. ಆ್ಯಪ್ ಕೆಲಸ ಹಂಚುವುದು, ರೇಟಿಂಗ್ ಕೊಡುವುದು ಹೇಗೆ ಅನ್ನುವುದನ್ನು ಕಾರ್ಮಿಕರಿಗೆ ತಿಳಿಸಬೇಕು. ಈ ಕೊನೆಯ ಮಾತು ನನಗೆ ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಅಳತೆಯನ್ನು ಬಿಚ್ಚಿ ತೋರಿಸಿ ಅಂತ ಕೇಳುವ ಹಕ್ಕು ಈಗ ಕಾಗದದ ಮೇಲೆ ಬಂದಿದೆ. ಆದರೆ ಕಲ್ಯಾಣ ಮಂಡಳಿಯಲ್ಲಿ ಕೂರುವ ಕಾರ್ಮಿಕ ಪ್ರತಿನಿಧಿಗಳನ್ನು ಸರ್ಕಾರ ನಾಮಕರಣ ಮಾಡುತ್ತದೆ. ಅವರನ್ನು ಕಾರ್ಮಿಕರೇ ಆರಿಸಬೇಕು ಅನ್ನುವ ಒತ್ತಾಯ ಈಗಲೇ ಶುರುವಾಗಲಿ. ಡೆಲಿವರಿ ಮಾಡುವ, ಕ್ಯಾಬ್ ಓಡಿಸುವ ಅಣ್ಣತಮ್ಮಂದಿರು, ಅಕ್ಕತಂಗಿಯರು ಯಾರಾದರೂ ಕೇಳುತ್ತಿದ್ದರೆ ಮೊದಲು ನಿಮ್ಮ ಹೆಸರು ನೋಂದಣಿ ಆಗಿದೆಯಾ ನೋಡಿಕೊಳ್ಳಿ. ಆಮೇಲೆ ನಿಮ್ಮ ಏರಿಯಾದಲ್ಲಿ ಯೂನಿಯನ್ ಇದೆಯಾ ವಿಚಾರಿಸಿ, ಇಲ್ಲದಿದ್ದರೆ ಏಳೆಂಟು ಜನ ಸೇರಿ ಒಂದನ್ನು ಕಟ್ಟುವ ಮಾತು ಎತ್ತಿ.

ನಮಸ್ಕಾರ.