ಲೀ ಮಾನ್-ಹೀ ಅಂದರೆ ಬರೀ ಸೆನ್ಸಾರ್ ಕಥೆಯಲ್ಲ

ಕೊರಿಯಾದ ಥ್ರಿಲ್ಲರ್‌ಗಳನ್ನು ಮುಗಿಬಿದ್ದು ನೋಡುವವರಿಗೂ ದಕ್ಷಿಣ ಕೊರಿಯಾದ ನಿರ್ದೇಶಕ ಲೀ ಮಾನ್-ಹೀ ಹೆಸರು ಗೊತ್ತಿರುವುದಿಲ್ಲ. ನನಗೆ ಇದು ನಿಜಕ್ಕೂ ಬೇಜಾರು. 1961ರಲ್ಲಿ ನಿರ್ದೇಶನ ಶುರು ಮಾಡಿದವರು, 1975ರಲ್ಲಿ 43ನೇ ವಯಸ್ಸಿಗೇ ತೀರಿಹೋದರು. ಅಷ್ಟರಲ್ಲಿ ಸುಮಾರು 50 ಸಿನಿಮಾ! ಯುದ್ಧ, ಕ್ರೈಮ್, ಹಾರರ್ ಎಲ್ಲವೂ.

ಗೊತ್ತಿರುವವರೂ ಹೇಳುವುದು ಸೆನ್ಸಾರ್ ಕಾಟದ ಕಥೆಯನ್ನೇ. ಕಾಟ ಇತ್ತು, ಸುಳ್ಳಲ್ಲ. 1965ರಲ್ಲಿ ಒಂದು ಸಿನಿಮಾದಲ್ಲಿ ಉತ್ತರ ಕೊರಿಯಾದ ಸೈನಿಕರನ್ನು ಮನುಷ್ಯರ ಹಾಗೆ ತೋರಿಸಿದ್ದಕ್ಕೆ, ಕಮ್ಯುನಿಸ್ಟ್ ವಿರೋಧಿ ಕಾನೂನಿನಡಿ ಲೀ ಅವರನ್ನು ಬಂಧಿಸಿದರು. ಆದರೆ ಅವರನ್ನು ಪಾಪ ಅಂತ ನೋಡಿ ಸುಮ್ಮನಾದರೆ ಅವರ ಕೈಚಳಕ ಕಾಣುವುದೇ ಇಲ್ಲ, ಅಲ್ವಾ?

1964ರ 'ದಿ ಡೆವಿಲ್ಸ್ ಸ್ಟೇರ್‌ವೇ' ನೋಡಿ. ಒಬ್ಬ ಡಾಕ್ಟರ್‌ಗೆ ಆಸ್ಪತ್ರೆ ಮಾಲೀಕನ ಅಳಿಯನಾಗುವ ಆಸೆ, ಅದಕ್ಕೆ ಅಡ್ಡ ಅವನನ್ನೇ ನಂಬಿಕೊಂಡ ನರ್ಸ್. ಅವಳನ್ನು ಆಸ್ಪತ್ರೆಯ ಕೊಳಕ್ಕೆ ತಳ್ಳುತ್ತಾನೆ, ಆಮೇಲೆ ನೋಡಿದರೆ ಅಲ್ಲಿ ಹೆಣವೇ ಇಲ್ಲ. ಒಂದು ಕಟ್ಟಡ, ಒಂದು ಮೆಟ್ಟಿಲು, ಮುರಿಯುವ ರೇಲಿಂಗ್, ಕಪ್ಪು ನೀರು. ಇಷ್ಟರಲ್ಲೇ ಕಥೆ ಪೂರ್ತಿ ಹೆದರಿಸುತ್ತದೆ. ಆ ಮೆಟ್ಟಿಲು ಹತ್ತಬೇಕು ಅನ್ನೋ ಅವನ ಆಸೆಯನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇದೇ ಕೈ 1968ರಲ್ಲಿ 'ಎ ಡೇ ಆಫ್' ಮಾಡಿತು. ಭಾನುವಾರ ಭೇಟಿಯಾಗುವ ಜೋಡಿ, ಒಂದು ಕಪ್ ಕಾಫಿಗೂ ಕಾಸಿಲ್ಲ, ಅವಳು ಗರ್ಭಿಣಿ. ಅವನು ಸಾಲಕ್ಕೆ ಸಿಯೋಲ್ ಸುತ್ತುತ್ತಾನೆ, ಎಲ್ಲಿಯೂ ಸಿಗದೆ ಕೊನೆಗೆ ಗೆಳೆಯನ ದುಡ್ಡನ್ನೇ ಕದಿಯುತ್ತಾನೆ. ಗಾಳಿ, ಧೂಳು, ಬೋಳು ಮರ. ಇದನ್ನು ಕಲಾತ್ಮಕ ಅಂತ ಬೇರೆ ಕಪಾಟಿನಲ್ಲಿ ಇಡುವುದು ನನಗೆ ಒಪ್ಪಿಗೆಯಿಲ್ಲ. ಸಾಲಕ್ಕೆ ಅಲೆಯುವ ಮನುಷ್ಯನನ್ನು ಪೊಲೀಸರಿಂದ ತಪ್ಪಿಸಿಕೊಂಡು ಓಡುವವನ ಹಾಗೆ ತೋರಿಸುವುದು, ಆ ಉಸಿರುಗಟ್ಟುವ ಗಡಿಬಿಡಿ, ಕ್ರೈಮ್ ಸಿನಿಮಾ ಮಾಡಿ ಮಾಡಿಯೇ ಬಂದದ್ದು. ನಾಯಕ ಕೊನೆಗೆ ಸೈನ್ಯ ಸೇರಬೇಕು ಅಂತ ಸೆನ್ಸಾರ್ ಹಟ ಹಿಡಿಯಿತು. ಇವರು ಬಗ್ಗಲಿಲ್ಲ. ಸಿನಿಮಾ 2005ರವರೆಗೆ ಡಬ್ಬದಲ್ಲೇ ಉಳಿಯಿತು.

1966ರ 'ಲೇಟ್ ಆಟಮ್'ಗೆ ಆ ಅದೃಷ್ಟವೂ ಇಲ್ಲ. ಅದನ್ನು ಎಷ್ಟು ಸಲ ರೀಮೇಕ್ ಮಾಡಿದರು! ಮೂಲದ ಒಂದು ಪ್ರಿಂಟೂ ಸಿಕ್ಕಿಲ್ಲ. ಅವರ ಅತ್ಯುತ್ತಮ ಕೆಲಸ ಅದೇ ಅಂತ ಆಗ ನೋಡಿದವರು ಹೇಳುತ್ತಾರೆ, ನಾವು ನಂಬಬೇಕು ಅಷ್ಟೇ.

ಉಳಿದವುಗಳಲ್ಲಿ ಹಲವನ್ನು ಕೊರಿಯನ್ ಫಿಲ್ಮ್ ಆರ್ಕೈವ್‌ನವರು ಯೂಟ್ಯೂಬ್‌ನಲ್ಲಿ ಉಚಿತವಾಗಿ ಹಾಕಿದ್ದಾರೆ, ಇಂಗ್ಲಿಷ್ ಸಬ್‌ಟೈಟಲ್ ಕೂಡ ಇದೆ. ಮೊದಲು ಥ್ರಿಲ್ಲರ್‌ಗಳನ್ನು ನೋಡಿ, ಆಮೇಲೆ 'ಎ ಡೇ ಆಫ್'ಗೆ ಬನ್ನಿ.