ಕಿವಿಗೆ ನೀರು ಬಿಟ್ಟು ತಲೆಸುತ್ತು ನೋಡುವುದು

ನಮಸ್ಕಾರ ಕೇಳುಗರೇ. ತಲೆ ಸುತ್ತುತ್ತದೆ ಅಂದರೆ ಸಾಕು, ನಮ್ಮ ಮನೆಗಳಲ್ಲಿ ಮೊದಲು ಬೈಸಿಕೊಳ್ಳುವುದು ಪಿತ್ತ. ನಿಂಬೆಹಣ್ಣಿನ ಪಾನಕ ಕುಡಿದು ಮಲಗು ಅನ್ನುತ್ತಾರೆ. ನಾನೂ ಕುಡಿದು ಮಲಗಿದೆ. ಆದರೆ ನನ್ನದು ಕಣ್ಣು ಕತ್ತಲೆ ಬರುವ ಸುತ್ತಲ್ಲ. ಎಡಗಿವಿ ಗುಂಯ್ ಅನ್ನುತ್ತದೆ, ಹತ್ತಿ ತುರುಕಿದ ಹಾಗೆ ಬಿಗಿಯುತ್ತದೆ, ಆಮೇಲೆ ಗೋಡೆ, ಮಂಚ, ಫ್ಯಾನು ಎಲ್ಲ ಗಿರಗಿರ, ಅದೂ ಎರಡು ಮೂರು ಗಂಟೆ, ಜೊತೆಗೆ ವಾಂತಿ.

ಕಿವಿ ಡಾಕ್ಟರು ಮೆನಿಯರ್ ಕಾಯಿಲೆ ಇರಬೇಕು ಅಂದರು. ಒಳಗಿವಿಯ ದ್ರವ ಹೆಚ್ಚಾಗಿ ಅದರ ಚೀಲ ಉಬ್ಬುತ್ತದಂತೆ. ಇಂಥ ಸುತ್ತು ಕಿವಿಯಿಂದಲೂ ಬರಬಹುದು ಅಂತ 1861ರಲ್ಲಿ ತೋರಿಸಿದವರು ಪ್ಯಾರಿಸ್ಸಿನ ಡಾಕ್ಟರ್ ಪ್ರಾಸ್ಪರ್ ಮೆನಿಯರ್. ಅಲ್ಲಿಯವರೆಗೆ ಮಿದುಳಿಗೆ ರಕ್ತ ಏರಿದೆ ಅಂದುಕೊಂಡು ರೋಗಿಯ ರಕ್ತ ತೆಗೆಯುತ್ತಿದ್ದರು. ನಮ್ಮ ಪಾನಕವೇ ವಾಸಿ ಅಲ್ವಾ?

ಮೊದಲು ಕೇಳುವ ಪರೀಕ್ಷೆ. ಎಡಗಿವಿಗೆ ದಪ್ಪ ದನಿಗಳೇ ಸರಿಯಾಗಿ ಕೇಳುತ್ತಿರಲಿಲ್ಲ. ಆಮೇಲೆ ನೀರಿನ ಪರೀಕ್ಷೆ. ತಲೆ ಸ್ವಲ್ಪ ಎತ್ತಿ ಮಲಗಿಸಿ, ಕಣ್ಣಿಗೆ ಕ್ಯಾಮೆರಾ ಇರುವ ಕನ್ನಡಕ ಹಾಕಿದರು. ಒಳಗೆ ಕಗ್ಗತ್ತಲು. ಒಂದೊಂದು ಕಿವಿಗೂ ಒಮ್ಮೆ 30 ಡಿಗ್ರಿ ನೀರು, ಒಮ್ಮೆ 44 ಡಿಗ್ರಿ. ಅಂದರೆ ಮೈಯ ಬಿಸಿಗಿಂತ 7 ಡಿಗ್ರಿ ಕಡಿಮೆ, 7 ಡಿಗ್ರಿ ಜಾಸ್ತಿ. ಸುಮ್ನೆ ಮಲಗಿದರೆ ಮನಸ್ಸು ಮಂಕಾಗಿ ಕಣ್ಣಿನ ಓಟ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಪರೀಕ್ಷೆ ಮಾಡುವ ಹುಡುಗಿ, "ಅಮ್ಮ, ಮೈಸೂರಿಂದ ಬೆಂಗಳೂರಿಗೆ ಹೋಗುವ ದಾರಿಯ ಊರುಗಳನ್ನ ಹೇಳ್ತಾ ಇರಿ" ಅಂದಳು. ಬಲಗಿವಿಗೆ ನೀರು ಬಿಟ್ಟಾಗ ಶ್ರೀರಂಗಪಟ್ಟಣ, ಮಂಡ್ಯ ಅಂದೆ, ಮದ್ದೂರು ಬರುವಷ್ಟರಲ್ಲಿ ಮಂಚ ತಿರುಗತೊಡಗಿತು. ಎಡಗಿವಿಯ ಸರದಿಯಲ್ಲಿ ಚನ್ನಪಟ್ಟಣ, ರಾಮನಗರ ದಾಟಿ ಬಿಡದಿಗೆ ಬಂದೆ. ಏನೂ ಆಗಲಿಲ್ಲ. ಎಡಗಿವಿ ಗೆದ್ದಿತು ಅಂತ ಖುಷಿಪಟ್ಟೆ. ಉಲ್ಟಾ! ತಿರುಗಿಸಿದ್ದೇ ಒಳ್ಳೆಯ ಕಿವಿ.

ಯಾಕೆಂದರೆ ಒಳಗಿವಿಯಲ್ಲಿ ದ್ರವ ತುಂಬಿದ ಪುಟ್ಟ ಕೊಳವೆಗಳಿವೆ. ಒಲೆ ಮೇಲಿನ ಪಾತ್ರೆಯಲ್ಲಿ ಬಿಸಿಯಾದ ನೀರು ಮೇಲೇರುವ ಹಾಗೆ ಆ ದ್ರವವೂ ಸರಿಯುತ್ತದೆ. ತಲೆಯೇ ತಿರುಗಿತು ಅಂತ ಮಿದುಳು ನಂಬುತ್ತದೆ, ಕಣ್ಣು ಓಡುತ್ತದೆ. ವಿಯೆನ್ನಾದ ರಾಬರ್ಟ್ ಬಾರಾನಿಗೆ ಇದು ಹೊಳೆದದ್ದು ಕಿವಿ ತೊಳೆಯುವಾಗ. ನೀರು ಬೆಚ್ಚಗಿಲ್ಲದಿದ್ದರೆ ತಲೆ ಸುತ್ತುತ್ತದೆ ಅಂತ ಒಬ್ಬ ರೋಗಿ ಗೊಣಗಿದ. ಸರಿ, ಬಿಸಿ ನೀರು ಹಾಕಿ ನೋಡಿದರೆ ಕಣ್ಣು ಆಚೆ ದಿಕ್ಕಿಗೆ ಓಡಿತು. 1914ರ ನೊಬೆಲ್ ಬಹುಮಾನ ಅವರಿಗೇ. ಆ ಸುದ್ದಿ ತಲುಪಿದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ.

ಇನ್ನೊಂದು ಪರೀಕ್ಷೆಯಲ್ಲಿ, ಗೋಡೆಯ ಚುಕ್ಕೆ ನೋಡುತ್ತಿರುವಾಗ ತಲೆಯನ್ನು ಫಕ್ಕನೆ ತಿರುಗಿಸಿ, ಕಣ್ಣು ಚುಕ್ಕೆಯ ಮೇಲೇ ನಿಲ್ಲುತ್ತದಾ ಅಂತ ನೋಡುತ್ತಾರೆ. ಅದರಲ್ಲಿ ನನ್ನ ಎರಡೂ ಕಿವಿ ಪಾಸು. ಡಾಕ್ಟರಿಗೆ ಇದೇ ಮುಖ್ಯ ಸುಳಿವಾಯಿತು. ನೀರಿನಲ್ಲಿ ಫೇಲು, ಈ ತಲೆ ತಿರುಗಿಸುವುದರಲ್ಲಿ ಪಾಸು ಅನ್ನುವ ಜೋಡಿ ಮೆನಿಯರ್‌ನಲ್ಲಿ ಆಗಾಗ ಕಾಣುತ್ತದಂತೆ. ಹಾಗಂತ ಎಲ್ಲರಿಗೂ ಹೀಗೇ ಬರುವುದಿಲ್ಲ. ಶುರುವಿನಲ್ಲಿ ಎಲ್ಲವೂ ನಾರ್ಮಲ್ ಬರಬಹುದು. ಅದಕ್ಕೇ ಡಾಕ್ಟರು ರಿಪೋರ್ಟ್ ಪಕ್ಕಕ್ಕಿಟ್ಟು, ಸುತ್ತು ಎಷ್ಟು ಸಲ ಬಂತು, 20 ನಿಮಿಷದಿಂದ 12 ಗಂಟೆಯೊಳಗೆ ನಿಂತಿತಾ ಅಂತ ಮತ್ತೆ ಮತ್ತೆ ಕೇಳಿದರು.

ಪರೀಕ್ಷೆಗೆ ಹೋಗುವವರು ತಲೆಸುತ್ತಿನ ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ಮೊದಲೇ ಡಾಕ್ಟರನ್ನು ಕೇಳಿ. ಹೊಟ್ಟೆ ತುಂಬ ತಿನ್ನಬೇಡಿ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ನಾನು ಒಬ್ಬಳೇ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಕಂಬ ಹಿಡಿದುಕೊಂಡು, ಎರಡು ಬಸ್ಸು ಬಿಟ್ಟೆ.