ರಾಗ ಮನೇಲೇ ಇತ್ತು, ಭಾಷೆ ಹುಡ್ಕೊಂಡು ಹೋಗ್ಬೇಕಾಯ್ತು

ಈಗ ಕಾಣ್ತಿರೋದು ಅಮೆರಿಕದ ಲೂಸಿಯಾನಾ ರಾಜ್ಯದ ಅಚಾಫಲಾಯ ಸೇತುವೆ, ಸುಮಾರು 29 ಕಿಲೋಮೀಟರ್ ಉದ್ದ, ಕೆಳಗಡೆ ಪೂರ್ತಿ ಜೌಗು, ನೀರೊಳಗೇ ನಿಂತಿರೋ ಮರಗಳು. ನ್ಯೂ ಆರ್ಲಿಯನ್ಸ್‌ ಬಿಟ್ಟಾಗಿಂದ ಲಫಾಯೆಟ್ ತನಕ ಕಾರಲ್ಲಿ ಒಂದೇ ಬ್ಯಾಂಡು, ಲಾಸ್ಟ್ ಬಾಯೂ ರ‍್ಯಾಂಬ್ಲರ್ಸ್. ನನ್ನ ಹೆಂಡ್ತಿ ಮುಖ ನೋಡಿ, ಸಾಕಾಗಿದೆ ಪಾಪ.

ಹಾಡ್ತಿರೋದು, ಪಿಟೀಲು ಬಾರಿಸ್ತಿರೋದು ಲೂಯಿ ಮಿಶೋ, ಅಕಾರ್ಡಿಯನ್ ಅವನ ಅಣ್ತಮ್ಮ ಆಂಡ್ರೆ. ಅಪ್ಪ, ಚಿಕ್ಕಪ್ಪ ದೊಡ್ಡಪ್ಪಂದಿರದ್ದೇ ಒಂದು ಕೇಜನ್ (ಅಂದ್ರೆ ಇಲ್ಲಿನ ಫ್ರೆಂಚ್ ಮೂಲದ ಜನರ) ಬ್ಯಾಂಡಿತ್ತು, ಲೆ ಫ್ರೇರ್ ಮಿಶೋ ಅಂತ, ಹುಡುಗ್ರು ಅದ್ರಲ್ಲೇ ಪಳಗಿ 1999ರಲ್ಲಿ ತಮ್ಮದೇ ಬ್ಯಾಂಡ್ ಕಟ್ಟಿದ್ರು. ಆಗ ಲೂಯಿಗೆ ಇಪ್ಪತ್ತರ ಆಸುಪಾಸು ಅಷ್ಟೇ.

ಆದ್ರೆ ಮಜಾ ಏನ್ ಗೊತ್ತಾ, ಹಾಡೆಲ್ಲಾ ಫ್ರೆಂಚು, ಹುಡುಗ ಬೆಳೆದಿದ್ದು ಮಾತ್ರ ಇಂಗ್ಲಿಷಲ್ಲಿ! ಯಾಕಂದ್ರೆ 1921ರಲ್ಲಿ ಲೂಸಿಯಾನಾ ಸಂವಿಧಾನದಲ್ಲೇ ಶಾಲೆ ಪಾಠ ಇಂಗ್ಲಿಷಲ್ಲೇ ಆಗ್ಬೇಕು ಅಂತ ಬರೆದುಬಿಟ್ರು, ಮನೆ ಮಾತು ಬಾಯಿಗೆ ಬಂದ್ರೆ ಮಕ್ಕಳಿಗೆ ಶಿಕ್ಷೆ, ಏಟು ತಿಂದ ಆ ಮಕ್ಕಳು ದೊಡ್ಡೋರಾಗಿ ತಮ್ಮ ಮಕ್ಕಳ ಹತ್ರ ಫ್ರೆಂಚ್ ಆಡೋದೇ ಬಿಟ್ರು, ಹಾಡಲ್ಲಿ ಮಾತ್ರ ಉಳೀತು. ಅದನ್ನ ಉಳಿಸ್ಬೇಕು ಅಂತ ಸರ್ಕಾರ ಕೋಡೋಫಿಲ್ ಅನ್ನೋ ಸಂಸ್ಥೆ ಮಾಡಿದ್ದು 1968ರಲ್ಲಿ, ಅಷ್ಟೊತ್ತಿಗೆ ಎಷ್ಟೋ ಮನೇಲಿ ಕಥೆ ಮುಗಿದಿತ್ತು.

ಬರೀ ಹಳೇ ಹಾಡು ಬಾಯಿಪಾಠ ಮಾಡ್ಕೊಂಡು ಹಾಡಿದ್ರೆ ನಡೀತಿತ್ತೇನೋ, ಆದ್ರೆ ಹೊಸದು ಬರೀಬೇಕಂದ್ರೆ ಆ ಭಾಷೇಲಿ ಜಗಳ ಆಡೋಕೆ ಬರ್ಬೇಕಲ್ವಾ? ಅದಕ್ಕೆ ಲೂಯಿ ಫ್ರೆಂಚ್ ಕಲಿಯೋಕೆ ಹೋಗಿದ್ದು ಕೆನಡಾದ ನೋವಾ ಸ್ಕೋಶಿಯಾಗೆ, ಅಂದ್ರೆ 1755ರಲ್ಲಿ ಬ್ರಿಟಿಷರು ಇವನ ಪೂರ್ವಜರನ್ನ ಎಲ್ಲಿಂದ ಓಡಿಸಿದ್ರೋ ಅಲ್ಲಿಗೇ. ಇದನ್ನ ಓದಿದಾಗ ನಾನು ಒಂದ್ನಿಮಿಷ ಫೋನ್ ಕೆಳಗಿಟ್ಟೆ.

ಆಮೇಲೆ ಬಂದ ಹಾಡುಗಳು ಮ್ಯೂಸಿಯಂ ಹಾಡಲ್ಲ. ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್, ಗಲಾಟೆ. 2017ರ 'ಕಲೆಂಡಾ' ಆಲ್ಬಮ್‌ಗೆ ಮುಂದಿನ ವರ್ಷ ಗ್ರ್ಯಾಮಿ ಬಂತು. ನನಗೇನೋ ಅದಕ್ಕಿಂತ 2023ರಲ್ಲಿ ಲೂಯಿ ಒಬ್ಬನೇ ಮಾಡಿದ ಆಲ್ಬಮ್ಮೇ ಇಷ್ಟ.

ಅಕಾರ್ಡಿಯನ್ನು ಚಿಕ್ಕದು, ಹತ್ತೇ ಬಟನ್ನು, ಒಳಗೆ ನಮ್ಮ ಹಾರ್ಮೋನಿಯಂ ಥರಾನೇ ರೀಡು, ಆದ್ರೆ ಗಾಳಿ ಎಳೆದ್ರೆ ಒಂದು ಸ್ವರ, ತಳ್ಳಿದ್ರೆ ಇನ್ನೊಂದು. ಇನ್ನು ಆ ಟಿಂಗ್ ಟಿಂಗ್ ಸದ್ದು, ಅದು ಟಿ-ಫೇರ್, ಅಂದ್ರೆ ಚಿಕ್ಕ ಕಬ್ಬಿಣ, ತ್ರಿಕೋನದ ಥರ ಇರೋ ತಾಳದ ವಾದ್ಯ, ಹಿಂದೆ ಹುಲ್ಲು ಬಾಚೋ ಯಂತ್ರದ ಹಳೇ ಹಲ್ಲನ್ನೇ ಬಗ್ಗಿಸಿ ಮಾಡೋರಂತೆ. ಆಸೆ ತಡೀಲಾರ್ದೆ ಒಂದು ತಗೊಂಡೆ. ರಾತ್ರಿ ಹೋಟೆಲ್ ರೂಮಲ್ಲಿ ಎರಡೇ ಎರಡು ನಿಮಿಷ ಬಾರಿಸಿದ್ದು, ಪಕ್ಕದ ರೂಮಿನೋರು ಗೋಡೆ ಕುಟ್ಟಿದ್ರು. ತಾಳಕ್ಕೆ ಸರಿಯಾಗೇ ಕುಟ್ಟಿದ್ರು ಬಿಡಿ.